ಭಾರ ಬಿದ್ದಷ್ಟೂ ಬಿಗಿಯುವ ಕುಣಿಕೆ

ಎತ್ತನ್ನು ಗೂಟಕ್ಕೆ ಕಟ್ಟುವುದನ್ನು ಯಾರೂ ನಿಂತು ನೋಡುವುದಿಲ್ಲ. ತಿಪಟೂರು ಸೀಮೆಯ ಯಾವುದಾದರೂ ದನದ ಸಂತೆಗೆ ಹೋದಾಗ ಒಮ್ಮೆ ನೋಡಬೇಕು. ರೈತ ಹಗ್ಗವನ್ನು ಗೂಟದ ಬುಡಕ್ಕೆ ಒಂದು ಸುತ್ತು ಹಾಕುತ್ತಾನೆ. ತುದಿಯನ್ನು ಎತ್ತಿನ ಕಡೆಗಿರುವ ಎಳೆಯ ಮೇಲಿಂದ ತಂದು, ಪೂರ್ತಿ ತೂರಿಸದೆ, ಮಡಚಿ ಅರ್ಧಕ್ಕೆ ಸಿಕ್ಕಿಸುತ್ತಾನೆ. ಒಮ್ಮೆ ಜಗ್ಗಿ ಬಿಗಿ ಮಾಡಿ, ಬೀಡಿ ಹಚ್ಚಲು ಆಚೆ ಹೋಗುತ್ತಾನೆ. ಎತ್ತು ಬೆದರಿ ಎಷ್ಟು ಎಳೆದರೂ ಆ ಕುಣಿಕೆ ಇನ್ನಷ್ಟು ಕಚ್ಚಿಕೊಳ್ಳುತ್ತದೆಯೇ ಹೊರತು ಬಿಚ್ಚುವುದಿಲ್ಲ. ಆದರೆ ಕೊಟ್ಟಿಗೆಗೆ ಬೆಂಕಿ ಬಿದ್ದ ರಾತ್ರಿ, ಎತ್ತು ಹಗ್ಗವನ್ನು ತಂತಿಯಂತೆ ಎಳೆದು ನಿಂತಿರುವಾಗಲೂ, ಸಣ್ಣ ತುದಿಯನ್ನು ಒಮ್ಮೆ ಸೆಳೆದರೆ ಸಾಕು, ಗೂಟ ಖಾಲಿ.

ಹಿಡಿಯಬೇಕಾದಾಗ ಹಿಡಿಯಬೇಕು, ಬಿಡಬೇಕಾದಾಗ ಬಿಡಬೇಕು. ಹಳ್ಳಿಯಲ್ಲಿ ಗಂಟನ್ನು ಅಳೆಯುವುದು ಈ ಎರಡೇ ಮಾತಿನಿಂದ. ಬಿಚ್ಚಲಾಗದಂತೆ ಕಟ್ಟಿದವನಿಗೆ ಹೊಗಳಿಕೆಯಿಲ್ಲ, ‘ಕಗ್ಗಂಟು ಹಾಕವ್ನೆ ನೋಡು’ ಎಂಬ ಬೈಗುಳವೇ ಸಿಗುವುದು. ಜಲಪಾತದ ನೆತ್ತಿಯಲ್ಲಿ ಮರಕ್ಕೆ ಹಗ್ಗ ಬಿಗಿದು ನೀರಿನೊಳಗೆ ಇಳಿಯುವ ಸಾಹಸಿಗಳೂ, ಬಂಡೆ ಹತ್ತುವವರೂ ತಮ್ಮ ಗಂಟುಗಳನ್ನು ಅಳೆಯುವುದು ಇದೇ ಎರಡು ಮಾತಿನಿಂದ. ಅವರ ಬಳಿ ಒಂದು ಮಾತು ಹೆಚ್ಚಿಗೆ ಇದೆ: ಒಂದು ಹೋದರೆ ಇನ್ನೊಂದು ಇರಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳಿಗೆ ಈ ಮೂರನೆಯ ಮಾತು ಇನ್ನೂ ಸರಿಯಾಗಿ ಬಂದಿಲ್ಲ. ಹಗ್ಗಕ್ಕೆ ಬೇಕಾದ ನಾರು ಇಲ್ಲೇ ಹುಟ್ಟುತ್ತದೆ, ಕುಣಿಕೆ ಹಾಕುವ ಕೈಗಳೂ ಇಲ್ಲೇ ಇವೆ. ಐವತ್ತು ಅರವತ್ತು ಅಡಿ ಎತ್ತರದ ಮರಕ್ಕೆ ದಿನವೂ ಹತ್ತುವವನ ಸೊಂಟಕ್ಕೆ ಮಾತ್ರ ಹಗ್ಗವಿಲ್ಲ.

ಮಟ್ಟೆಯಿಂದ ಹುರಿಗೆ

ತಿಪಟೂರಿನ ಕೊಬ್ಬರಿ ಉಂಡೆ ಕೊಬ್ಬರಿ. ಬಲಿತ ಕಾಯನ್ನು ಸುಲಿಯದೆ ಮಟ್ಟೆಸಮೇತ ಅಟ್ಟಕ್ಕೆ ಹಾಕಿ, ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಲಗಲ ಸದ್ದು ಬರುವ ಹೊತ್ತಿಗೆ ಮಟ್ಟೆಯೂ ಒಣಗಿ ಕಂದಾಗಿರುತ್ತದೆ. ಕೇರಳದಲ್ಲಿ ಹಸಿ ಮಟ್ಟೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಸಿ ಬಿಳಿ ನಾರು ತೆಗೆಯುವ ಪದ್ಧತಿ ಇದೆ. ನಮ್ಮದು ಬಯಲುಸೀಮೆ, ಕೊಳೆಹಾಕಲು ಅಷ್ಟು ನೀರೆಲ್ಲಿ? ಒಣ ಮಟ್ಟೆಗೆ ನೀರು ಚಿಮುಕಿಸಿ ಯಂತ್ರಕ್ಕೆ ಕೊಟ್ಟು ಕಂದು ನಾರು ತೆಗೆಯುತ್ತಾರೆ. ಬಿ.ಎಚ್. ರಸ್ತೆಯ ಆಚೀಚೆ ನಾರಿನ ರಾಶಿ ಹರಡಿರುವುದನ್ನು ಬಸ್ಸಿನ ಕಿಟಕಿಯಿಂದ ಕಂಡವರಿಗೆ ಇದು ಗೊತ್ತು. ಹಾಸಿಗೆಗೆ ಹೋಗುವ ನಾರು ಹಾಸಿಗೆಗೆ, ಪುಡಿ ಇಟ್ಟಿಗೆಯಾಗಿ ವಿದೇಶಕ್ಕೆ, ಒಂದಿಷ್ಟು ಹಗ್ಗಕ್ಕೆ.

ಹಗ್ಗ ಹೊಸೆಯುವುದರಲ್ಲಿ ಒಂದು ಸೊಗಸಾದ ಜಗಳವಿದೆ. ನಾರನ್ನು ಒಂದು ದಿಕ್ಕಿಗೆ ಹುರಿ ಮಾಡಿ ಎಳೆ ತೆಗೆಯುತ್ತಾರೆ. ಅಂಥ ಎರಡು ಮೂರು ಎಳೆಗಳನ್ನು ಸೇರಿಸಿ ವಿರುದ್ಧ ದಿಕ್ಕಿಗೆ ತಿರುಚುತ್ತಾರೆ. ಎಳೆ ತನ್ನ ಹುರಿ ಬಿಚ್ಚಿಕೊಳ್ಳಲು ನೋಡಿದಷ್ಟೂ ಹಗ್ಗದ ಹುರಿ ಬಿಗಿಯುತ್ತದೆ, ಹಗ್ಗ ಬಿಚ್ಚಿಕೊಳ್ಳಲು ನೋಡಿದರೆ ಎಳೆ ಬಿಗಿಯುತ್ತದೆ. ಗೇಣುದ್ದದ ನಾರುಗಳು, ಅಂಟಿಲ್ಲ, ಹೊಲಿಗೆಯಿಲ್ಲ. ಒಂದನ್ನೊಂದು ಉಜ್ಜಿಕೊಂಡು ನೂರು ಅಡಿಯ ಹಗ್ಗವಾಗಿ ನಿಲ್ಲುತ್ತವೆ. ಮುಂದೆ ಹೇಳಲಿರುವ ಎಲ್ಲ ಕುಣಿಕೆಗಳ ಗುಟ್ಟೂ ಇದೇ ಉಜ್ಜುವಿಕೆ.

ತೆಂಗಿನ ನಾರಿಗೆ ಲೋಕದಲ್ಲಿ ದೊಡ್ಡ ಹೆಸರಿತ್ತು. 14ನೇ ಶತಮಾನದಲ್ಲಿ ಹೊನ್ನಾವರ, ಮಂಗಳೂರು ದಾಟಿ ಮಲಬಾರು, ಮಾಲ್ಡೀವ್ಸ್ ಕಂಡ ಪ್ರವಾಸಿ ಇಬ್ನ್ ಬತೂತ, ಈ ಕಡಲಿನ ಹಡಗುಗಳ ಹಲಗೆಗಳನ್ನು ಮೊಳೆ ಹೊಡೆಯದೆ ನಾರಿನ ಹುರಿಯಿಂದ ಹೊಲಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮೊಳೆಯ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ ಎಂಬುದು ಅವನು ಕೊಟ್ಟ ಕಾರಣ. ಉಪ್ಪುನೀರಿಗೆ ಜಗ್ಗದಿರುವುದು, ಎಳೆದಾಗ ಒಂದಿಷ್ಟು ಹಿಗ್ಗುವುದು ಈ ನಾರಿನ ಗುಣ. ಆದರೆ ದಪ್ಪಕ್ಕೆ ದಪ್ಪ ಹೋಲಿಸಿದರೆ ಕತ್ತಾಳೆ, ಸೆಣಬಿನ ಮುಂದೆ ಬಲ ಕಡಿಮೆ. ಬಿಸಿಲು ಮಳೆ ತಿಂದ ಹಗ್ಗ ಹೊರಗೆ ಚೆನ್ನಾಗಿಯೇ ಕಂಡು ಒಳಗೆ ಪುಡಿಯಾಗಿರಬಹುದು. ಹುಲ್ಲಿನ ಹೊರೆಗೆ, ಚಪ್ಪರಕ್ಕೆ, ಎತ್ತಿಗೆ ಅದು ಸರಿ. ಮನುಷ್ಯನ ಜೀವ ತೂಗುಹಾಕಲು ನಾರಿನ ಹಗ್ಗ ತಕ್ಕದ್ದಲ್ಲ. ನಾರಿನ ಮೇಲೆ ಪ್ರೀತಿ ಇರುವವರೇ ಇದನ್ನು ಸ್ಪಷ್ಟವಾಗಿ ಹೇಳಬೇಕು.

ಅದರ ಜಾಗಕ್ಕೆ ಬಂದಿರುವ, ಅಂಗಡಿಯಲ್ಲಿ ತೂಕಕ್ಕೆ ಸಿಗುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ಇನ್ನೂ ಮೋಸದ್ದು. ಅದು ಹೆಚ್ಚಾಗಿ ಪಾಲಿಪ್ರೊಪಿಲೀನ್. ಬಿಸಿಲಿಗೆ ಬೇಗ ಮುಪ್ಪಾಗುತ್ತದೆ, ಗಂಟು ಜಾರುತ್ತದೆ, ಸುಮಾರು 165 ಡಿಗ್ರಿ ಶಾಖಕ್ಕೆ ಕರಗುತ್ತದೆ. ಜೋರಾಗಿ ಉಜ್ಜಿಕೊಂಡು ಓಡುವ ಹಗ್ಗಕ್ಕೆ ಆ ಶಾಖ ದೂರದ ಮಾತೇನಲ್ಲ. ಬಂಡೆ ಹತ್ತುವವರ ಹಗ್ಗ ನೈಲಾನಿನದು. ನೈಲಾನ್ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಡ್ಯುಪಾಂಟ್ ಪ್ರಯೋಗಾಲಯದಲ್ಲಿ. 1953ರಲ್ಲಿ ಜರ್ಮನಿಯ ಎಡೆಲ್‌ರಿಡ್ ಕಂಪನಿ ಒಳಗೆ ತಿರುಳು, ಹೊರಗೆ ಹೆಣೆದ ತೊಗಲು ಇರುವ ಹಗ್ಗವನ್ನು ತಂದಿತು. ಭಾರವನ್ನು ತಿರುಳು ಹೊರುತ್ತದೆ, ಬಂಡೆಯ ತರಚನ್ನು ತೊಗಲು ತಾಳುತ್ತದೆ. ಇಳಿಯಲು, ಜನರನ್ನು ಎತ್ತಲು ಬಳಸುವ ಹಿಗ್ಗದ ಹಗ್ಗಕ್ಕೆ ಯುರೋಪಿನ ಇ.ಎನ್. 1891 ಎಂಬ ಮಾನದಂಡವಿದೆ. ಅದರ ‘ಎ’ ದರ್ಜೆಯ ಹಗ್ಗ ಕನಿಷ್ಠ 22 ಕಿಲೋನ್ಯೂಟನ್, ಅಂದರೆ ಎರಡು ಟನ್ನಿಗೂ ಮಿಗಿಲಾದ ಎಳೆತ ತಡೆಯಬೇಕು. ತುದಿಗಳಲ್ಲಿ ಗಂಟು ಹಾಕಿದ ಮೇಲೂ 15 ಕಿಲೋನ್ಯೂಟನ್ನನ್ನು ಮೂರು ನಿಮಿಷ ಹಿಡಿದಿರಬೇಕು. ಗಂಟು ಹಾಕಿದರೆ ಹಗ್ಗದ ಬಲ ತಗ್ಗುತ್ತದೆ ಎಂಬುದನ್ನು ಮಾನದಂಡವೇ ಒಪ್ಪಿಕೊಂಡಿದೆ.

ಸುತ್ತಿನ ಲೆಕ್ಕ

ಮನೆಯ ಪಕ್ಕದ ಹಳೆಯ ತೆಂಗಿನಮರ ಕಡಿಯುವಾಗ ಅನುಭವಸ್ಥರು ಮಾಡುವ ಕೆಲಸ ನೋಡಿ. ಒಬ್ಬ ಮೇಲೇರಿ ಮರದ ಸುಳಿಯ ಕೆಳಗೆ ಹಗ್ಗ ಕಟ್ಟಿ ಬರುತ್ತಾನೆ. ಕೆಳಗೆ ಹಗ್ಗ ಹಿಡಿದವನು ಅದನ್ನು ಬರಿಗೈಯಲ್ಲಿ ಹಿಡಿಯುವುದಿಲ್ಲ, ಪಕ್ಕದ ಇನ್ನೊಂದು ಮರದ ಬುಡಕ್ಕೆ ಎರಡು ಮೂರು ಸುತ್ತು ಹಾಕಿ ತುದಿ ಹಿಡಿದು ನಿಲ್ಲುತ್ತಾನೆ. ಹತ್ತಾರು ಜನ ಜಗ್ಗಿದರೂ ನಿಲ್ಲದ ಭಾರವನ್ನು ಒಬ್ಬನೇ ಆರಾಮವಾಗಿ ತಡೆಯುತ್ತಾನೆ, ಬೇಕಾದಷ್ಟೇ ಸಡಿಲಿಸುತ್ತಾನೆ.

ಇದರ ಲೆಕ್ಕವನ್ನು 18ನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಕಟ್ಟಿಕೊಟ್ಟ. ಹಗ್ಗ ಮತ್ತು ಮರದ ನಡುವಿನ ಘರ್ಷಣೆ ಮಧ್ಯಮ ಮಟ್ಟದ್ದು, 0.3 ಎಂದಿಟ್ಟುಕೊಂಡರೆ, 100 ಕೆ.ಜಿ. ಭಾರ ತಡೆಯಲು ಒಂದು ಸುತ್ತಿಗೆ ಸುಮಾರು 15 ಕೆ.ಜಿ. ಬಲದ ಹಿಡಿತ ಸಾಕು. ಎರಡು ಸುತ್ತಿಗೆ ಎರಡೂಕಾಲು ಕೆ.ಜಿ. ಮೂರು ಸುತ್ತಿಗೆ ಬರೀ 350 ಗ್ರಾಂ. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಇನ್ನೊಂದು ಬೆರಗು: ಮರ ದಪ್ಪವೋ ಸಣ್ಣದೋ ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಎಷ್ಟು ಸುತ್ತು ಎಂಬುದಷ್ಟೇ ಮುಖ್ಯ.

ಕಣಿವೆ ಇಳಿಯುವವರು ಮರಕ್ಕೆ ಹಗ್ಗ ಕಟ್ಟುವ ಅತ್ಯಂತ ಗಟ್ಟಿ ವಿಧಾನವೂ ಇದೇ. ಮರಕ್ಕೆ ನಾಲ್ಕೈದು ಸುತ್ತು ಒಂದರ ಪಕ್ಕ ಒಂದು ಒಪ್ಪವಾಗಿ ಹಾಕಿ, ಕೊನೆಗೆ ತುದಿಯನ್ನು ಕ್ಯಾರಬೈನರ್ ಕೊಂಡಿಯಿಂದ ಮುಖ್ಯ ಹಗ್ಗಕ್ಕೆ ಸಿಕ್ಕಿಸುತ್ತಾರೆ. ಭಾರವೆಲ್ಲ ಸುತ್ತುಗಳಲ್ಲೇ ಮುಗಿದುಹೋಗಿ ಗಂಟಿನವರೆಗೆ ಬರುವುದೇ ಇಲ್ಲ. ಎಂಟರ ಆಕಾರದ ಗಂಟು, ಫಿಗರ್ ಆಫ್ ಎಯ್ಟ್, ಹಗ್ಗದ ಬಲದಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನು ತಿನ್ನುತ್ತದೆ. ದಪ್ಪ ಮರದ ಸುತ್ತು ಏನನ್ನೂ ತಿನ್ನುವುದಿಲ್ಲ, ಹಗ್ಗ ಎಲ್ಲೂ ಕಡಿದಾಗಿ ಬಾಗಿಲ್ಲವಲ್ಲ. ಮರ ಕಡಿಯುವವನಿಗೆ ಆಯ್ಲರ್ ಹೆಸರು ಗೊತ್ತಿರಬೇಕಿಲ್ಲ, ಲೆಕ್ಕ ಅವನ ಅಂಗೈಗೆ ಗೊತ್ತಿದೆ.

ಎಳನೀರು ಇಳಿಸುವವರದು ಇದರ ಚಿಕ್ಕ ರೂಪ. ಕೊಬ್ಬರಿಗೆ ಬಲಿತ ಕಾಯನ್ನು ಮೇಲಿಂದ ಕೆಡವಿದರೂ ನಡೆಯುತ್ತದೆ. ಎಳನೀರು ಬಿದ್ದರೆ ಒಡೆಯುತ್ತದೆ. ಅದಕ್ಕೇ ಗೊನೆಗೆ ಹಗ್ಗ ಕಟ್ಟಿ, ಹಗ್ಗವನ್ನು ಗರಿಯ ಹಸಿ ಮಟ್ಟೆಯ ಬುಡದ ಮೇಲೆ ಹಾಯಿಸಿ, ಗೊನೆ ಕಡಿದ ಕೂಡಲೇ ಕೆಳಗಿನವನು ಮೆಲ್ಲಗೆ ಬಿಡುತ್ತಾ ಬರುತ್ತಾನೆ. ಬಂಡೆ ಹತ್ತುವವನ ಹಗ್ಗವನ್ನು ಕೆಳಗೆ ನಿಂತ ಜೊತೆಗಾರ ಹಿಡಿಯುವುದೂ ಹೀಗೆಯೇ. ವ್ಯತ್ಯಾಸ ಒಂದೇ. ನಮ್ಮ ತೋಟದಲ್ಲಿ ಗೊನೆಗೆ ಹಗ್ಗವಿದೆ, ಗೊನೆ ಕಡಿದವನಿಗೆ ಇಲ್ಲ.

ಕುಣಿಕೆಗಳ ಬಳಗ

ಬಾವಿಯಿಂದ ನೀರು ಸೇದುವ ಕೊಡದ ಕಂಠಕ್ಕೆ ಹಾಕುವುದು ಜೀರುಗುಣಿಕೆ. ತುಂಬಿದ ಕೊಡದ ಭಾರಕ್ಕೆ ಅದು ಜೀರಿಕೊಂಡು ಕಂಠವನ್ನು ಹಿಡಿಯುತ್ತದೆ, ಕೊಡ ಕಟ್ಟೆಯ ಮೇಲೆ ಕೂತ ಕೂಡಲೇ ಸಡಿಲ. ಇದನ್ನು ಕೊಡಕ್ಕೆ ಹಾಕಿದರೆ ನೀರು, ಮನುಷ್ಯನ ಸೊಂಟಕ್ಕೆ ಹಾಕಿದರೆ ಉರುಳು. ಬಾವಿಗೆ ಬಿದ್ದ ದನವನ್ನೋ ಮನುಷ್ಯನನ್ನೋ ಎತ್ತುವಾಗ ಊರವರು ಗಾಬರಿಯಲ್ಲಿ ಇದೇ ಕುಣಿಕೆ ಹಾಕಿ ಉಸಿರು ಕಟ್ಟಿಸುವ ಅಪಾಯ ಇದ್ದೇ ಇದೆ. ಅಗ್ನಿಶಾಮಕ ದಳದವರು ಕಲಿಯುವ ಬೋಲೈನ್ ಗಂಟಿನ ಕುಣಿಕೆ ಎಷ್ಟೇ ಭಾರ ಬಿದ್ದರೂ ಕಿರಿದಾಗುವುದಿಲ್ಲ. ಎಷ್ಟು ಅಗಲಕ್ಕೆ ಕಟ್ಟಿದರೋ ಅಷ್ಟೇ. ಭಾರ ಇಳಿದಾಗ ತಾನೇ ಸಡಿಲವಾಗುವ ಚಾಳಿ ಅದಕ್ಕಿದೆ, ಆದ್ದರಿಂದ ಉಳಿದ ತುದಿಗೆ ಇನ್ನೊಂದು ತಡೆಗಂಟು ಹಾಕಲೇಬೇಕು. ಮೊದಲು ಹೇಳಿದ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ಮಕ್ಕಳಿಗೆ ಒಂದೇ ಒಂದು ಗಂಟು ಕಲಿಸುವುದಾದರೆ ನಾನು ಇದನ್ನೇ ಕಲಿಸಿ ಎನ್ನುತ್ತೇನೆ. ತೆರೆದ ಬಾವಿಗಳ ನಾಡಿದು.

ಸಾರುವೆ ಕಟ್ಟುವವರು, ಚಪ್ಪರದ ಗಳ ಬಿಗಿಯುವವರು ಕಂಬಕ್ಕೆ ಹಾಕುವ ಎರಡು ಅಡ್ಡಸುತ್ತಿನ ಕುಣಿಕೆಯೇ ಪರ್ವತಾರೋಹಿಗಳ ಕ್ಲೋವ್ ಹಿಚ್. ಹಾಕುವುದು ಕ್ಷಣದ ಕೆಲಸ, ಬಿಚ್ಚದೆಯೇ ಹಗ್ಗದ ಉದ್ದ ಸರಿಪಡಿಸಿಕೊಳ್ಳಬಹುದು. ನುಣುಪಾದ ದಪ್ಪ ಕಂಬದ ಮೇಲೆ ಅದು ತೆವಳುತ್ತದೆ ಎಂಬುದು ಸಾರುವೆಯವರಿಗೂ ಗೊತ್ತು, ಅದಕ್ಕೇ ಮೇಲೊಂದು ಅರೆಗಂಟು ಜಡಿಯುತ್ತಾರೆ.

ಇವೆಲ್ಲಕ್ಕಿಂತ ಜಾಣ ಕುಣಿಕೆ ಎಂದರೆ ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಕಟಿಸಿದ್ದು. ಮುಖ್ಯ ಹಗ್ಗ 10 ಅಥವಾ 11 ಮಿ.ಮೀ. ದಪ್ಪವಿದ್ದರೆ 6 ಮಿ.ಮೀ. ದಾರದ ಒಂದು ಬಳೆ ಸಾಕು. ಬಳೆಯನ್ನು ಹಗ್ಗದ ಹಿಂದಿನಿಂದ ತಂದು ಅದರೊಳಗೇ ತೂರಿಸಬೇಕು, ಹಾಗೆ ಮೂರು ಸಲ. ಪ್ರತಿ ಸಲ ಹೊಸ ಸುತ್ತು ಹಳೆಯದರ ಒಳಮಗ್ಗುಲಿಗೆ ಕೂರಬೇಕು. ಕೊನೆಗೆ ಹಗ್ಗದ ಮೇಲೆ ಆರು ಸುತ್ತು, ನಡುವೆ ಒಂದು ಪಟ್ಟಿ. ಸುತ್ತುಗಳು ಒಂದರ ಮೇಲೊಂದು ಹತ್ತಿರಬಾರದು, ಬೆರಳಿನಿಂದ ಒಂದೊಂದನ್ನೂ ನೇವರಿಸಿ ಸಾಲಾಗಿ ಕೂರಿಸಬೇಕು. ಈಗ ಕುಣಿಕೆಯನ್ನೇ ಮುಷ್ಟಿಯಲ್ಲಿ ಹಿಡಿದು ತಳ್ಳಿ, ಮೇಲಕ್ಕೂ ಕೆಳಕ್ಕೂ ಸರಾಗ ಜಾರುತ್ತದೆ. ಬಳೆಯ ಬಾಲಕ್ಕೆ ಭಾರ ಕೊಡಿ, ಅಲ್ಲೇ ಕಚ್ಚಿ ನಿಲ್ಲುತ್ತದೆ. ಭಾರ ತೆಗೆದರೆ ಮತ್ತೆ ಜಾರಲು ಸಿದ್ಧ. ಇಂಥ ಎರಡು ಕುಣಿಕೆ ಇದ್ದವನು ಬರೀ ಹಗ್ಗ ಹಿಡಿದು ಬಂಡೆಯ ನೆತ್ತಿಗೆ ಏರಬಲ್ಲ: ಒಂದರಲ್ಲಿ ಕೂತು ಇನ್ನೊಂದನ್ನು ಮೇಲಕ್ಕೆ ಸರಿಸು, ಅದರಲ್ಲಿ ನಿಂತು ಮೊದಲಿನದನ್ನು ಸರಿಸು. ಕೆಸರಾದ, ನೆನೆದ ಹಗ್ಗದಲ್ಲಿ ಹಿಡಿತ ತಗ್ಗುತ್ತದೆ, ಆಗ ಸುತ್ತು ಹೆಚ್ಚಿಸುತ್ತಾರೆ.

ಮರ ಹತ್ತುವ ಎರಡು ಬಳೆ

ಪ್ರೂಸಿಕ್ ಕುಣಿಕೆಯ ಲಕ್ಷಣವನ್ನು ಓದುತ್ತಿದ್ದಂತೆ ತೆಂಗಿನ ನಾಡಿನವರಿಗೆ ಒಂದು ಯಂತ್ರ ನೆನಪಾಗಿರಬೇಕು. ಕಣ್ಣೂರು ಜಿಲ್ಲೆಯ ಚೆಂಬೇರಿಯ ರೈತ ಜೋಸೆಫ್ ರೂಪಿಸಿದ ಮರ ಹತ್ತುವ ಸಾಧನದಲ್ಲಿ ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ಚೌಕಟ್ಟು, ಎರಡಕ್ಕೂ ಮರವನ್ನು ಬಳಸುವ ಉಕ್ಕಿನ ಹುರಿಹಗ್ಗದ ಬಳೆ. ಎಡಗಾಲಿನ ಭಾರ ತೆಗೆದು ಚೌಕಟ್ಟು ಎತ್ತಿದರೆ ಆ ಬಳೆ ಸಡಿಲಗೊಂಡು ಮೇಲೆ ಸರಿಯುತ್ತದೆ, ಕಾಲೂರಿದರೆ ಕಚ್ಚುತ್ತದೆ. ಆಮೇಲೆ ಬಲಗಾಲು. ಆಲ್ಪ್ಸ್‌ನ ಕುಣಿಕೆಯೂ ಮಲಬಾರಿನ ಯಂತ್ರವೂ ಒಂದೇ ತತ್ವದ ಮಕ್ಕಳು.

ಯಂತ್ರಕ್ಕಿಂತ ಮೊದಲಿನಿಂದಲೂ ಇರುವುದು ಎರಡೂ ಪಾದಗಳನ್ನು ಸೇರಿಸುವ ಹಗ್ಗದ ಬಳೆ. ಕರಾವಳಿ, ಮಲೆನಾಡಿನಲ್ಲಿ ಅದಕ್ಕೆ ತಳೆ ಎನ್ನುತ್ತಾರೆ. ಪಾದಗಳು ಮರದ ಎರಡೂ ಮಗ್ಗುಲಿಗೆ ಒತ್ತಿದಾಗ ಬಳೆ ಮರಕ್ಕೆ ಬಿಗಿದು ಮೆಟ್ಟಿಲಾಗುತ್ತದೆ. ತೋಳು ಮರವನ್ನು ತಬ್ಬುತ್ತದೆ, ಮೊಣಕಾಲು ಮಡಚಿ ಬಳೆ ಮೇಲಕ್ಕೆ ಬರುತ್ತದೆ, ಮತ್ತೆ ಒತ್ತು. ತೆಂಗು ಇದಕ್ಕೆ ಹೇಳಿ ಮಾಡಿಸಿದ ಮರ. ಮಾವು ಹಲಸಿನಂತೆ ಅದರ ಕಾಂಡ ವರ್ಷ ವರ್ಷ ದಪ್ಪವಾಗುವುದಿಲ್ಲ. ಬುಡದ ಉಬ್ಬು ದಾಟಿದ ಮೇಲೆ ಸುಳಿಯವರೆಗೂ ಹೆಚ್ಚುಕಡಿಮೆ ಒಂದೇ ಗಾತ್ರ, ಹಾಗಾಗಿ ಒಂದೇ ಅಳತೆಯ ಬಳೆ ಕೊನೆಯವರೆಗೂ ನಡೆಯುತ್ತದೆ. ಅದೇ ಕಾರಣಕ್ಕೆ ಅದರ ಗಾಯವೂ ಮಾಯುವುದಿಲ್ಲ. ಹತ್ತಲು ಸುಲಭವಾಗಲೆಂದು ಕಾಂಡದಲ್ಲಿ ಕಚ್ಚು ಕಡಿದ ಮರದಲ್ಲಿ ಆ ಕಚ್ಚು ಮರ ಇರುವವರೆಗೂ ಇರುತ್ತದೆ, ನೀರು ನಿಂತು ಕೊಳೆಯುತ್ತದೆ, ಕೆಂಪು ಮೂತಿ ಹುಳುವಿಗೆ ಬಾಗಿಲಾಗುತ್ತದೆ.

ತಳೆಯಾಗಲಿ ಯಂತ್ರವಾಗಲಿ ಹಿಡಿದಿರುವುದು ಪಾದವನ್ನು. ಕೈ ಜಾರಿದರೆ, ತಲೆ ತಿರುಗಿದರೆ, ಕಣಜದ ಗೂಡಿಗೆ ಕತ್ತಿ ತಗುಲಿದರೆ, ಒಣ ಮಟ್ಟೆಯನ್ನು ಹಸಿಯದೆಂದು ಹಿಡಿದರೆ ಮೇಲಿನ ದೇಹಕ್ಕೆ ಆಸರೆಯಿಲ್ಲ. 15 ಮೀಟರ್ ಎತ್ತರದಿಂದ ನೆಲ ಮುಟ್ಟಲು ಎರಡು ಸೆಕೆಂಡೂ ಹಿಡಿಯುವುದಿಲ್ಲ, ಮುಟ್ಟುವಾಗಿನ ವೇಗ ಗಂಟೆಗೆ 60 ಕಿ.ಮೀ. ದಾಟಿರುತ್ತದೆ. ಬದುಕಿದವರು ಬೆನ್ನುಮೂಳೆ ಮುರಿದುಕೊಂಡು ಮಲಗುತ್ತಾರೆ. ಮರ ಹತ್ತುವವರು ಸಿಗುತ್ತಿಲ್ಲ ಎಂದು ತೋಟದ ಮಾಲೀಕರು ಗೊಣಗುವಾಗ ಈ ಕಾರಣವನ್ನು ಮಾತ್ರ ಯಾಕೋ ಕೊನೆಗೆ ಹೇಳುತ್ತಾರೆ, ಹೇಳಿದರೆ.

ಹತ್ತುವವರ ಕೊರತೆ ನೀಗಲೆಂದು ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ತರಬೇತಿ ಶುರುಮಾಡಿತು. ಯಂತ್ರ ಬಳಸಿ ಹತ್ತುವುದು, ಕಾಯಿ ಕೀಳುವುದು, ಸುಳಿ ಶುಚಿ ಮಾಡಿ ಔಷಧ ಹಾಕುವುದು ಅದರಲ್ಲಿ ಸೇರಿದೆ. ಹೆಂಗಸರೂ ಕಲಿತು ಹತ್ತಿದರು. ಹತ್ತುವವರಿಗೆಂದೇ ಮಂಡಳಿಯ ‘ಕೇರ ಸುರಕ್ಷಾ’ ಅಪಘಾತ ವಿಮೆಯೂ ಇದೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಚೆಂಬೇರಿ ಯಂತ್ರಕ್ಕೆ ಸುರಕ್ಷಾ ಜೋಡಣೆಯನ್ನು ಸೇರಿಸಿತು. ಪಾದದ ಎರಡು ಬಳೆಗಳು ಕೈಕೊಟ್ಟರೂ ದೇಹವನ್ನು ಮರಕ್ಕೆ ಹಿಡಿದಿಡುವ ಇನ್ನೊಂದು ಆಸರೆ ಅದು. ಬಂಡೆ ಹತ್ತುವವರ ಮೂರನೆಯ ಮಾತು ತೋಟಕ್ಕೆ ಬಂದದ್ದು ಹೀಗೆ. ತೊಂದರೆಯೆಂದರೆ, ಯಂತ್ರ ತಂದ ಮನೆಯಲ್ಲೂ ಆ ಜೋಡಣೆ ಅಟ್ಟದ ಮೇಲೇ ಉಳಿಯುತ್ತದೆ. ‘ಅದ್ನ ಕಟ್ಕಂಡು ಬಿಚ್ಕಂಡು ಮಾಡ್ತಿದ್ರೆ ದಿನಕ್ಕೆ ಎಷ್ಟು ಮರ ಆಯ್ತದೆ ಸ್ವಾಮಿ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮರಕ್ಕಿಷ್ಟು ಎಂದು ಕೂಲಿ ಕೊಡುವವರೆಗೆ ಅವಸರದ ಬೆಲೆಯನ್ನು ಹತ್ತುವವನೇ ಕಟ್ಟಬೇಕು.

ಬಂಡೆಯವರು ಏನು ನೋಡುತ್ತಾರೆ

ತುಮಕೂರು ಜಿಲ್ಲೆಯಲ್ಲಿ ಬಂಡೆಗೆ ಬರವಿಲ್ಲ. ಮಧುಗಿರಿಯ ಏಕಶಿಲೆ, ದೇವರಾಯನದುರ್ಗ, ಪಕ್ಕದ ಜಿಲ್ಲೆಯ ಸಾವನದುರ್ಗ, ರಾಮನಗರ ಎಲ್ಲವೂ ಗಟ್ಟಿ ಗ್ರಾನೈಟ್ ಜಾತಿಯವು. 1975ರ ‘ಶೋಲೆ’ಯಿಂದ ರಾಮನಗರದ ಬಂಡೆಗಳು ಲೋಕಕ್ಕೆ ಗೊತ್ತಾದವು, ಬೆಂಗಳೂರಿನ ಹುಡುಗ ಹುಡುಗಿಯರು ಹಗ್ಗ ಹಿಡಿದು ಕಲಿತದ್ದು ಅಲ್ಲೇ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ರಾಮನಗರ, ಬಾದಾಮಿಗಳಲ್ಲಿ ಶಿಬಿರ ನಡೆಸುತ್ತಾ ಬಂದಿದೆ. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳ ಕಥೆ ಬೇರೆ. ಅವು ಚಿತ್ರದುರ್ಗದಿಂದ ಇಳಿದುಬಂದ ಹಳೆಯ ಶಿಲಾಪಟ್ಟಿಗೆ ಸೇರಿದವು, ಮ್ಯಾಂಗನೀಸ್, ಕಬ್ಬಿಣದ ಅದಿರು ಇರುವ ಪದರುಗಲ್ಲು. ಗಟ್ಟಿ ಎಂದು ಹಿಡಿದ ಚೂಪು ಹಲಗೆಯಾಗಿ ಎದ್ದು ಬರಬಹುದು. ಅಂಥ ಕಡೆ ಕಲ್ಲಿಗೆ ಹಗ್ಗ ಬಿಗಿಯುವ ಬದಲು ಬೇರೂರಿದ ಮರ ಹುಡುಕುವುದೇ ಜಾಣತನ. ನೆಲವನ್ನು ಓದಲು ಬಾರದವನಿಗೆ ಗಂಟು ಬಂದು ಏನು ಪ್ರಯೋಜನ?

ಮರವನ್ನೂ ಓದಬೇಕು. ತೆಂಗಿಗೆ ತಾಯಿಬೇರಿಲ್ಲ, ಸಾವಿರಾರು ನಾರುಬೇರು ಬುಡದ ಸುತ್ತ ಹರಡಿರುತ್ತವೆ. ಆರೋಗ್ಯದ ಮರ ಬಿರುಗಾಳಿಗೂ ಜಗ್ಗುವುದಿಲ್ಲ. ಆದರೆ ಈ ಸೀಮೆಯಲ್ಲಿ ಅಣಬೆ ರೋಗವಿದೆ, ಕಾಂಡ ಸೋರುವ ರೋಗವಿದೆ. ಬುಡದಲ್ಲಿ ಕಂದು ಅಂಟು ಸೋರುತ್ತಿದ್ದರೆ, ಮಳೆ ಬಿದ್ದ ಮೇಲೆ ಬುಡದಲ್ಲಿ ಅಣಬೆ ಎದ್ದಿದ್ದರೆ, ಬಡಿದಾಗ ಟೊಳ್ಳು ಸದ್ದು ಬಂದರೆ ಆ ಮರಕ್ಕೆ ಹಗ್ಗವನ್ನೂ ಕಟ್ಟಬಾರದು, ಅದನ್ನು ಹತ್ತಲೂ ಬಾರದು. ಒಳ್ಳೆಯ ಮರಕ್ಕೂ ಹಗ್ಗವನ್ನು ಬುಡದಲ್ಲೇ ಕಟ್ಟಬೇಕು. ಎತ್ತರಕ್ಕೆ ಕಟ್ಟಿದಷ್ಟೂ ಮರ ಸನ್ನೆಗೋಲಾಗಿ ಬೇರನ್ನೇ ಎಬ್ಬಿಸಲು ನೋಡುತ್ತದೆ.

ಎರಡು ಮರ ಅಥವಾ ಎರಡು ಬೋಲ್ಟಿಗೆ ಹಗ್ಗ ಕಟ್ಟಿ ನಡುವೆ ಭಾರ ತೂಗಿಸುವಾಗ ಕೋನದ ಆಟ ಶುರುವಾಗುತ್ತದೆ. ಎರಡೂ ಎಳೆ ಅಕ್ಕಪಕ್ಕ ನೇರ ಇಳಿದಿದ್ದರೆ 100 ಕೆ.ಜಿ.ಗೆ ತಲಾ 50. ನಡುವಿನ ಕೋನ 60 ಡಿಗ್ರಿಯಾದರೆ ತಲಾ 58, 90 ಆದರೆ 71. 120ಕ್ಕೆ ಬಂದರೆ ತಲಾ 100, ಅಂದರೆ ಇಬ್ಬರು ಹಂಚಿಕೊಂಡಂತೆ ಕಂಡರೂ ಒಬ್ಬೊಬ್ಬರೂ ಪೂರ್ತಿ ಹೊರುತ್ತಿದ್ದಾರೆ. 150 ಡಿಗ್ರಿಗೆ ತಲಾ 193! ಎರಡು ಮರದ ನಡುವೆ ಬಟ್ಟೆ ಒಣಹಾಕುವ ಹಗ್ಗವನ್ನು ಚಪ್ಪಟೆ ಬಿಗಿದರೆ ಒಂದು ಒದ್ದೆ ಕಂಬಳಿಗೇ ಅದು ಕಿತ್ತುಬರುವುದು ಇದಕ್ಕೇ. ಆದ್ದರಿಂದ ಕಲಿತವರು ಎರಡು ಎಳೆಯ ನಡುವಿನ ಕೋನವನ್ನು 60 ಡಿಗ್ರಿಯ ಒಳಗೆ ಇಡುತ್ತಾರೆ, ಒಂದು ಆಸರೆ ಕಿತ್ತರೂ ಇನ್ನೊಂದು ಜರ್ಕು ಹೊಡೆಯದೆ ಹಿಡಿಯುವಂತೆ ಕಟ್ಟುತ್ತಾರೆ.

ಕಣಿವೆ ಇಳಿಯುವವರಿಗೆ ಇನ್ನೊಂದು ಭಯವಿದೆ. ಮಹಾರಾಷ್ಟ್ರದ ಸಾಂಧಣ ಕಣಿವೆಯಂಥ ಕಡೆ ಒಣ ಬಂಡೆಯ ಮೇಲೆ ಇಳಿಯುವುದು ಒಂದು ತರ. ಬೀಳುವ ನೀರಿನೊಳಗೆ ಇಳಿಯುವುದು ಪೂರಾ ಬೇರೆ. ಧಾರೆಯ ಕೆಳಗೆ ಬಟ್ಟೆಯೋ ಕೂದಲೋ ಇಳಿಯುವ ಸಾಧನಕ್ಕೆ ಸಿಕ್ಕಿ ಮನುಷ್ಯ ನಿಂತುಬಿಟ್ಟರೆ ಹಗ್ಗ ಗಟ್ಟಿಯಾಗಿರುವುದೇ ಅವನಿಗೆ ಮುಳುವು, ನೇತಾಡುತ್ತಲೇ ಮುಳುಗುತ್ತಾನೆ. ಹಾಗಾಗಿ ಮೇಲೆ ಹಗ್ಗವನ್ನು ಕಗ್ಗಂಟಾಗಿ ಕಟ್ಟುವುದಿಲ್ಲ. ಸ್ವಿಟ್ಜರ್ಲೆಂಡಿನ ಮಾರ್ಗದರ್ಶಿ ವೆರ್ನರ್ ಮುಂಟರ್ ಹೆಸರಿನ, ಕೊಂಡಿಯ ಮೇಲೆ ಓಡುವ ಕುಣಿಕೆ ಹಾಕಿ, ಅದರ ಬಾಲವನ್ನು ಮಡಚಿ ಸಿಕ್ಕಿಸಿ ನಿಲ್ಲಿಸಿರುತ್ತಾರೆ. ಕೆಳಗಿನಿಂದ ಸೀಟಿ ಕೇಳಿದ ಕೂಡಲೇ ಆ ಮಡಿಕೆಯನ್ನು ಸೆಳೆದರೆ, ಪೂರ್ತಿ ಭಾರ ಇದ್ದಂತೆಯೇ ಹಗ್ಗ ನಿಧಾನಕ್ಕೆ ಇಳಿಯತೊಡಗುತ್ತದೆ. ಎತ್ತಿನ ಗೂಟ ಕಟ್ಟುವವನಿಗೆ ಇದನ್ನು ತೋರಿಸಿದರೆ ಹೆಚ್ಚು ಹೇಳಿಕೊಡಬೇಕಾಗಿಲ್ಲ.

ಗಂಟುಗಳಿಗಿಂತ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಇವರ ಚಾಳಿಗಳು. ಇಳಿಯುವ ಹಗ್ಗದ ಕೊನೆಗೆ ತಡೆಗಂಟು ಹಾಕುತ್ತಾರೆ. ಹಗ್ಗ ಮುಗಿದದ್ದು ತಿಳಿಯದೆ ತುದಿಯಿಂದ ಜಾರಿಬೀಳುವುದು ಅನುಭವಿಗಳನ್ನೂ ಕೊಂದ ಅಪಘಾತ. ಗಂಟಿನಾಚೆ ಗೇಣಿಗಿಂತ ಹೆಚ್ಚು ಬಾಲ ಬಿಡುತ್ತಾರೆ. ಹೊರಡುವ ಮುನ್ನ ಜೊತೆಗಾರನ ಗಂಟನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ, ಬಾಯಿಂದ ಸರಿ ಎನ್ನುತ್ತಾರೆ. ಇಪ್ಪತ್ತು ವರ್ಷ ಹತ್ತಿದವರ ಗಂಟನ್ನೂ ನಿನ್ನೆ ಬಂದ ಹುಡುಗ ನೋಡುತ್ತಾನೆ, ಯಾರೂ ಅವಮಾನ ಅಂದುಕೊಳ್ಳುವುದಿಲ್ಲ.

ತೋಟಕ್ಕೆ ಏನು ಬೇಕು

ಬೇಕಾದ್ದು ದೊಡ್ಡದೇನಲ್ಲ. ಸೊಂಟ ತೊಡೆ ಹಿಡಿಯುವ ಒಂದು ಹಾರ್ನೆಸ್, ಮಾನದಂಡದ ಗುರುತಿರುವ 11 ಮಿ.ಮೀ. ಹಗ್ಗದ ತುಂಡು, ಎರಡು ಬೀಗದ ಕೊಂಡಿ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಮರವನ್ನು ಸುಮ್ಮನೆ ಬಳಸಿ ಸೊಂಟಕ್ಕೆ ಕಟ್ಟಿಕೊಂಡ ಹಗ್ಗ ನಿಜವಾದ ರಕ್ಷಣೆಯಲ್ಲ. ಕಾಲು ತಪ್ಪಿದರೆ ಆ ಬಳೆ ನುಣ್ಣನೆಯ ಕಾಂಡದ ಗುಂಟ ಮನುಷ್ಯನ ಜೊತೆಗೇ ನೆಲದವರೆಗೆ ಇಳಿದುಬರುತ್ತದೆ. ಮರವನ್ನು ಬಳಸುವ ಹಗ್ಗ ಭಾರ ಬಿದ್ದ ಕೂಡಲೇ ಕಾಂಡವನ್ನು ಹಿಸುಕಿ ಹಿಡಿಯುವಂಥದ್ದಾಗಿರಬೇಕು, ಕೊಡದ ಜೀರುಗುಣಿಕೆಯ ಹಾಗೆ. ಅದನ್ನು ಮರಕ್ಕೆ ಹಾಕಿ, ದೇಹಕ್ಕೆ ಕಿರಿದಾಗದ ಕುಣಿಕೆ ಹಾಕಬೇಕು. ಅದಲು ಬದಲಾದರೆ ಕೆಲಸ ಕೆಟ್ಟಿತು. ಹಗ್ಗದಲ್ಲಿ ಸಡಿಲವೂ ಇರಬಾರದು, ಹಿಗ್ಗದ ಹಗ್ಗದಲ್ಲಿ ಒಂದು ಮೀಟರ್ ಬಿದ್ದು ನಿಂತರೂ ಸೊಂಟಕ್ಕೆ ಬರುವ ಏಟು ಭಾರಿ.

ಇದನ್ನು ಪತ್ರಿಕೆ ಓದಿ ಕಟ್ಟಿಕೊಳ್ಳಬೇಡಿ. ನೆಲದಿಂದ ಎರಡಡಿ ಎತ್ತರದಲ್ಲಿ, ಬಲ್ಲವರ ಎದುರು, ಕೈ ತಾನಾಗಿ ಮಾಡುವವರೆಗೆ ಕಲಿಯಬೇಕು. ತಿಪಟೂರಿನ ಕೊನೇಹಳ್ಳಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ತೆಂಗು ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಬಂಡೆ ಹತ್ತುವುದನ್ನು ಕಲಿಸುವವರು ರಾಮನಗರಕ್ಕೆ ವಾರವಾರ ಬರುತ್ತಾರೆ. ಮರ ಹತ್ತುವವರನ್ನೂ ಬಂಡೆ ಹತ್ತುವವರನ್ನೂ ಒಂದು ದಿನ ಒಂದೇ ತೋಟದಲ್ಲಿ ನಿಲ್ಲಿಸಿದರೆ ಇಬ್ಬರೂ ಕಲಿಯುತ್ತಾರೆ.

ಉಳಿದದ್ದು ತೋಟದ ಮಾಲೀಕರಿಗೆ. ಮುಂದಿನ ಸಲ ಕಾಯಿ ಕೀಳಿಸುವಾಗ ಹಾರ್ನೆಸ್ ಮತ್ತು ಹಗ್ಗವನ್ನು ನೀವೇ ತಂದಿಡಿ, ಗೊಬ್ಬರ ತರುವುದಿಲ್ಲವೇ ಹಾಗೆ. ಹಗ್ಗ ಕಟ್ಟಿ ಬಿಚ್ಚುವ ಹೊತ್ತಿಗೂ ಸೇರಿಸಿ ಮರಕ್ಕಿಷ್ಟು ಎಂಬ ಕೂಲಿಯನ್ನು ಏರಿಸಿ. ಹತ್ತುವವರಿಗೆ ವಿಮೆ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಮಾಡಿಸಿ. ಹಗ್ಗ ಕಟ್ಟಿಕೊಳ್ಳದವರನ್ನು ಮರಕ್ಕೆ ಹತ್ತಿಸಬೇಡಿ.